ಅರಣ್ಯದ ನಾಟಾ ಪ್ರಮಾಣದ ಅಂದಾಜು: ವಿಧಾನಗಳ ಚರಿತ್ರೆಯೂ ತಳಕಿನ ಸೀಮೆಯೂ

ಅರಣ್ಯಗಳ ಚರಿತ್ರೆಯನ್ನು ಬರೆಯುವವರು ಸರ್ಕಾರದ ವರದಿಗಳಲ್ಲಿ ದೊರೆಯುವ ಅಂಕಿಗಳನ್ನು ಬಹಳವಾಗಿ ನೆಚ್ಚಿಕೊಳ್ಳುತ್ತಾರೆ. ಒಂದು ಕಾಡಿನಲ್ಲಿ ಇಂತಿಷ್ಟು ಘನ ಅಡಿ ನಾಟಾ ಇದ್ದಿತು, ಕೆಲವು ವರ್ಷಗಳ ತರುವಾಯ ಅದು ಇಂತಿಷ್ಟಕ್ಕೆ ಇಳಿಯಿತು, ಆದುದರಿಂದ ಕಾಡಿನ ಇಷ್ಟು ಪಾಲು ನಾಶವಾಯಿತು ಎಂಬ ವಾದಸರಣಿ ನಮ್ಮ ಪ್ರಬಂಧಗಳಲ್ಲಿ ಪದೇ ಪದೇ ಬರುತ್ತದೆ. ಶಾಸನವೊಂದು ದೊರೆತಾಗ ಅದರ ಲಿಪಿ ಯಾವ ಕಾಲದ್ದು, ಅದು ಕೂಟಶಾಸನವೋ ಅಲ್ಲವೋ ಎಂಬುದನ್ನು ಶೋಧಿಸದೆ ನಾವು ಅದನ್ನು ಆಧಾರವಾಗಿ ಒಪ್ಪುವುದಿಲ್ಲ. ಅಂಕಿಗೆ ಮಾತ್ರ ಈ ಪರೀಕ್ಷೆಯನ್ನು ನಾವು ಒಡ್ಡುವುದೇ ಇಲ್ಲ. ಕಾಡಿನ ಅಂಕಿಯೂ ಒಬ್ಬ ಮನುಷ್ಯನು ಒಂದು ದಾರಿಯಲ್ಲಿ ನಡೆದು, ಒಂದು ಬಗೆಯ ಅಳತೆಯನ್ನು ಹಿಡಿದು ಮಾಡಿದ ದಾಖಲೆಯೇ. ಅದನ್ನು ಮಾಡಿದ ಬಗೆಯನ್ನರಿಯದೆ ಓದುವುದು ಲಿಪಿಯನ್ನರಿಯದೆ ಶಾಸನವನ್ನು ಓದಿದಂತೆಯೇ ಸರಿ.

ಈ ವಿಚಾರಕ್ಕೆ ಕೈಯಿಡಲು ಕಾರಣವಾದುದು ಚಳ್ಳಕೆರೆ ತಾಲ್ಲೂಕಿನ ತಳಕಿನ ಸೀಮೆ. ವೆಂಕಣ್ಣಯ್ಯ, ಶಾಮರಾಯ, ಸುಬ್ಬರಾಯರ ಮನೆತನದ ಊರೆಂದೇ ಕನ್ನಡಿಗರಿಗೆ ಪರಿಚಿತವಾದ ತಳಕನ್ನು ಯಾರೂ ಕಾಡಿನ ಸಂಬಂಧದಲ್ಲಿ ನೆನೆಯುವುದಿಲ್ಲ. ನಾಡಿನಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೊಂದು. ಕುರುಚಲು ಗುಡ್ಡ, ಹುಲ್ಲಿನ ಕಾವಲು, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳು ಇವೇ ಇಲ್ಲಿನ ನೋಟ. ಇಂತಹ ಕಡೆ ನಾಟಾ ಎಷ್ಟಿದೆ ಎಂದು ಕೇಳುವುದೇ ಹಾಸ್ಯವೆಂದು ವಿದ್ಯಾರ್ಥಿಯೊಬ್ಬನು ಹೇಳಿದನು. ಹಾಸ್ಯವೆಂದು ಅನಿಸುವುದೇಕೆಂಬುದರಲ್ಲಿಯೇ ಎಣಿಕೆಯ ಚರಿತ್ರೆ ಅಡಗಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ದೊಡ್ಡ ಕಾಡಿನ ಮರಗಳನ್ನೆಲ್ಲ ಯಾರೂ ಎಣಿಸಲಾರರು. ಒಂದು ಪಾಲನ್ನು ಎಣಿಸಿ, ಅದರಿಂದ ಉಳಿದುದನ್ನು ಊಹಿಸುತ್ತಾರೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಾದ ಕ್ರಮವೇನೂ ಅಲ್ಲ. ತಳಕಿನಿಂದ ಬಹು ದೂರವಿಲ್ಲದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ರೈಸರು ಅಶೋಕನ ಶಾಸನಗಳನ್ನು ಕಂಡುಹಿಡಿದ ಆ ಬೆಟ್ಟದ ಬುಡದಲ್ಲಿ, 1947ರಲ್ಲಿ ಮಾರ್ಟಿಮರ್ ವೀಲರರು ಉತ್ಖನನ ನಡೆಸಿದರು. ಅವರು ಇಡೀ ನೆಲೆಯನ್ನು ಅಗೆಯಲಿಲ್ಲ. ಆಯ್ದ ಕೆಲವೆಡೆ ಗುಂಡಿಗಳನ್ನು ತೋಡಿ, ಅವುಗಳ ಮಣ್ಣಿನ ಪದರಗಳಿಂದ ಇಡೀ ನೆಲೆಯ ಸಂಸ್ಕೃತಿಗಳ ಅನುಕ್ರಮವನ್ನು ನಿರ್ಧರಿಸಿದರು. ಗುಂಡಿಯ ಸ್ಥಳವನ್ನು ಆರಿಸಿದ ಬಗೆ ತಪ್ಪಾಗಿದ್ದರೆ ನಿರ್ಧಾರವೂ ತಪ್ಪಾಗುತ್ತದೆ. ಕಾಡಿನ ವಿಷಯದಲ್ಲಿಯೂ ಇಷ್ಟೇ. ಒಂದು ವ್ಯತ್ಯಾಸವುಂಟು: ಕಾಡನ್ನೆಣಿಸುವವನು ತನ್ನ ಊಹೆ ಎಷ್ಟರಮಟ್ಟಿಗೆ ತಪ್ಪಾಗಿರಬಹುದೆಂಬುದನ್ನೂ ಲೆಕ್ಕ ಹಾಕಿ ಹೇಳಬಲ್ಲನು. ಆ ಶಕ್ತಿ ಅವನಿಗೆ ಬಂದುದು ಇಪ್ಪತ್ತನೆಯ ಶತಮಾನದಲ್ಲಿ.

ಅದಕ್ಕೆ ಹಿಂದಿನ ದಾಖಲೆಗಳಲ್ಲಿ ಕಾಡು ಹೆಸರುಗಳ ರೂಪದಲ್ಲಿದೆ, ಸಂಖ್ಯೆಯ ರೂಪದಲ್ಲಿಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅನೇಕ ಕಡೆ ಮರಗಳ ಪಟ್ಟಿಯನ್ನು ಕೊಟ್ಟಿದ್ದಾನೆ. ಯಾವುದು ನೇಗಿಲಿಗೆ, ಯಾವುದು ತೊಲೆಗೆ, ಯಾವುದು ಇದ್ದಲಿಗೆ ಎಂಬುದನ್ನೂ ವಿಚಾರಿಸಿ ಬರೆದಿದ್ದಾನೆ. ಕಾಡಿನಲ್ಲಿ ಅವು ಎಷ್ಟಿವೆ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ಶ್ರೀಗಂಧ ಮಾತ್ರ ಇದಕ್ಕೆ ಅಪವಾದ. ಅದು ರಾಜವೃಕ್ಷವಾದುದರಿಂದ ಒಂದೊಂದು ಮರದ ಮೇಲೂ ಸರ್ಕಾರದ ಕಣ್ಣಿತ್ತು. ಆದರೆ ಗಂಧದ ಬೆಲೆಯಿರುವುದು ಒಳಗಿನ ಕೆಚ್ಚಿನಲ್ಲಿ. ನಿಂತ ಮರದ ಸುತ್ತಳತೆಯಿಂದ ಅದು ಪೂರ್ತಿಯಾಗಿ ತಿಳಿಯದು.

ಸಂಖ್ಯೆಯ ಪ್ರಶ್ನೆ ಹುಟ್ಟಿದ್ದು ನಮ್ಮ ನಾಡಿನಲ್ಲಿ ಅಲ್ಲ, ಬರ್ಮಾ ದೇಶದಲ್ಲಿ. 1852ರಲ್ಲಿ ಇಂಗ್ಲಿಷರು ಪೆಗು ಪ್ರಾಂತವನ್ನು ವಶಪಡಿಸಿಕೊಂಡರು. ಅಲ್ಲಿನ ತೇಗದ ಮೇಲೆ ಹಡಗು ಕಟ್ಟುವವರ ಮತ್ತು ಮರದ ವರ್ತಕರ ಕಣ್ಣು ಬಿದ್ದಿತ್ತು. 1856ರಲ್ಲಿ ಆ ಕಾಡುಗಳ ಮೇಲ್ವಿಚಾರಣೆಗೆ ನೇಮಕವಾದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯ ಬಾನ್ ನಗರದವನು, ವೃತ್ತಿಯಿಂದ ಸಸ್ಯಶಾಸ್ತ್ರಜ್ಞ. ಪ್ರತಿವರ್ಷ ಎಷ್ಟು ತೇಗವನ್ನು ಕಡಿದರೆ ಕಾಡು ಬರಿದಾಗುವುದಿಲ್ಲ ಎಂಬುದನ್ನು ಅವನು ಹೇಳಬೇಕಾಗಿತ್ತು. ಅವನು ಆನೆಯ ಮೇಲೆ ಕುಳಿತು ಗುಡ್ಡದ ನೆತ್ತಿ, ಕಣಿವೆ, ಹಳ್ಳಗಳ ಜಾಡು ಹಿಡಿದು ಹೊರಟನು. ಆ ತೇವದಲ್ಲಿ ಕಾಗದ ಉಳಿಯದಾದ್ದರಿಂದ ಎಡಗೈಯಲ್ಲಿ ಬಿದಿರಿನ ತುಂಡುಗಳನ್ನೂ ಬಲಗೈಯಲ್ಲಿ ಚಾಕುವನ್ನೂ ಹಿಡಿದಿದ್ದನು. ಕಣ್ಣಿಗೆ ಬಿದ್ದ ಒಂದೊಂದು ತೇಗಕ್ಕೂ ಅದರ ದರ್ಜೆಗೆ ಮೀಸಲಾದ ತುಂಡಿನ ಮೇಲೆ ಒಂದು ಕಚ್ಚು. ಆರು ಅಡಿಗೆ ಮೇಲ್ಪಟ್ಟ ಸುತ್ತಳತೆಯದು ಮೊದಲನೆಯ ದರ್ಜೆ. ನಾಲ್ಕೂವರೆ ಅಡಿಯಿಂದ ಆರರವರೆಗೆ ಎರಡನೆಯದು. ಒಂದೂವರೆಯಿಂದ ನಾಲ್ಕೂವರೆಯವರೆಗೆ ಮೂರನೆಯದು. ಅದಕ್ಕೂ ಚಿಕ್ಕವು ನಾಲ್ಕನೆಯವು.

ಕೇವಲ ಎಣಿಕೆಯಾಗಿದ್ದರೆ ಇದಕ್ಕೆ ಅಷ್ಟು ಮಹತ್ವವಿರುತ್ತಿರಲಿಲ್ಲ. ಎರಡನೆಯ ದರ್ಜೆಯ ಮರ ಮೊದಲನೆಯ ದರ್ಜೆಗೆ ಏರಲು ಎಷ್ಟು ವರ್ಷ ಬೇಕೆಂಬುದನ್ನು ಬ್ರಾಂಡಿಸ್ ಅಂದಾಜು ಮಾಡಿದನು. ವರ್ಷವೊಂದರಲ್ಲಿ ಎಷ್ಟು ಮರ ಮೇಲಿನ ದರ್ಜೆಗೆ ಬರುತ್ತವೆಯೋ ಅಷ್ಟಕ್ಕಿಂತ ಹೆಚ್ಚು ದೊಡ್ಡ ಮರಗಳನ್ನು ಆ ವರ್ಷ ಕಡಿಯಬಾರದು ಎಂಬುದು ಅವನ ನಿಯಮ. ಬೊಕ್ಕಸದ ಅಸಲನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ತಿನ್ನುವ ಗೃಹಸ್ಥನ ಲೆಕ್ಕ ಇದು. 1864ರಲ್ಲಿ ಅವನು ಭಾರತದ ಅರಣ್ಯಗಳ ಮೊದಲನೆಯ ಇನ್ಸ್ಪೆಕ್ಟರ್ ಜನರಲ್ ಆದನು. ಆಗ ಕಮಿಷನರ ಆಳ್ವಿಕೆಯಲ್ಲಿದ್ದ ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದುದೂ ಆ ವರ್ಷವೇ. ಸುತ್ತಳತೆಯ ದರ್ಜೆ, ಸಾಲು ಹಿಡಿದು ಎಣಿಸುವುದು, ಎಣಿಕೆಯಿಂದ ವರ್ಷದ ಕಡಿತವನ್ನು ಗೊತ್ತುಮಾಡುವುದು ಇವು ಭಾರತದ ಅರಣ್ಯ ಕಾರ್ಯಯೋಜನೆಗಳ ಸಾಮಾನ್ಯ ಪದ್ಧತಿಯಾದವು.

ಈ ಪದ್ಧತಿಯ ದೋಷ ಎಲ್ಲಿದೆ? ಬ್ರಾಂಡಿಸನ ಸಾಲು ಅವನು ಸಾಗಬಹುದಾದ ಜಾಡು. ನೆತ್ತಿಯ ಮೇಲಿನ ಕಾಡೂ ಇಳಿಜಾರಿನ ಕಾಡೂ ಒಂದೇ ಅಲ್ಲ. ದಾರಿ ಇರುವಲ್ಲಿ ಕೊಡಲಿಯೂ ಮೊದಲೇ ಹೋಗಿರುತ್ತದೆ. ಅಲ್ಲದೆ ಎಡಬಲಗಳಲ್ಲಿ ಎಷ್ಟು ದೂರ ಕಾಣುತ್ತದೆಂಬುದು ಪೊದೆಯ ದಟ್ಟಣೆಯನ್ನು ಅವಲಂಬಿಸುತ್ತದೆ. ಆದುದರಿಂದ ಎಣಿಸಿದ ಪಟ್ಟಿಯ ಅಗಲ ಹೆಜ್ಜೆ ಹೆಜ್ಜೆಗೂ ಬದಲಾಗುತ್ತಿರುತ್ತದೆ. ಇಂತಹ ದೋಷ ಹೆಚ್ಚು ನಡೆದರೆ ಹೋಗುವುದಿಲ್ಲ. ನೂರು ಮೈಲಿ ನಡೆದರೂ ದಾರಿಯ ಪಕ್ಕದ ಕಾಡು ದಾರಿಯ ಪಕ್ಕದ ಕಾಡೇ.

ಈ ಮಾತು ತರಗತಿಯಲ್ಲಿ ಯಾರಿಗೂ ಅಷ್ಟಾಗಿ ನಾಟಲಿಲ್ಲ. ಆದುದರಿಂದ ಒಂದು ದಿನ ಕೆಲವರು ವಿದ್ಯಾರ್ಥಿಗಳೊಡನೆ ತಳಕಿನ ಹೊರಗೆ ಬ್ರಾಂಡಿಸನಂತೆಯೇ ಕೋಲಿಗೆ ಕಚ್ಚು ಹಾಕುತ್ತ ಗಾಡಿಜಾಡಿನಲ್ಲಿ ನಡೆದೆವು. ಬದುವಿನ ಬೇವು, ಹೊಂಗೆ, ಹುಣಸೆಗಳಿಂದ ಕೋಲು ಬೇಗ ತುಂಬಿತು. ಅನಂತರ ಜಾಡನ್ನು ಬಿಟ್ಟು, ದಿಕ್ಸೂಚಿಯನ್ನು ಹಿಡಿದು, ಹಳ್ಳಕ್ಕೆ ಅಡ್ಡಲಾಗಿ ನೇರ ನಡೆದೆವು. ಬಹು ಹೊತ್ತು ಕೋಲು ಬರಿದಾಗಿಯೇ ಇತ್ತು. ಹಳ್ಳದ ಅಂಚಿನಲ್ಲಿ ಒಮ್ಮೆಗೇ ಕಚ್ಚುಗಳು ಬಿದ್ದವು. ದಾಟಿದ ಮೇಲೆ ಮತ್ತೆ ಬರಿದು. ಎರಡು ಕೋಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದವನು ಅವು ಒಂದೇ ಊರಿನವೆಂದು ನಂಬಲಾರನು. ಜನರು ನೆರಳಿಗೆಂದು ದಾರಿಯ ಪಕ್ಕ ಉಳಿಸಿಕೊಂಡ ಮರಗಳನ್ನೇ ನಾವು ಮೊದಲು ಎಣಿಸಿದ್ದೆವು. ಪೆಗುವಿನಲ್ಲಿ ದಾರಿ ಮರವನ್ನು ಕಳೆಯುವುದಾದರೆ ತಳಕಿನಲ್ಲಿ ಅದು ಮರವನ್ನು ಕೂಡಿಸುತ್ತದೆ. ದೋಷದ ದಿಕ್ಕು ಕೂಡ ಊರಿನಿಂದ ಊರಿಗೆ ಬೇರೆಯಾಗುವುದೆಂಬುದನ್ನು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಎಣಿಕೆಯ ದೋಷದ ಜೊತೆಗೆ ಅಳತೆಯ ಸಂಪ್ರದಾಯವೂ ಇದೆ. ಇದನ್ನು ಇತಿಹಾಸಕಾರರು ಹೆಚ್ಚಾಗಿ ಮರೆಯುತ್ತಾರೆ. ಹಿಂದಿನ ನಾಟಾ ಡಿಪೋಗಳ ಲೆಕ್ಕದಲ್ಲಿ ದುಂಡು ದಿಮ್ಮಿಯ ಘನ ಅಡಿಯನ್ನು ಕಾಲು ಸುತ್ತಳತೆಯ ಸೂತ್ರದಿಂದ ಕಟ್ಟುತ್ತಿದ್ದರು: ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. ನಾಲ್ಕು ಅಡಿ ಸುತ್ತಳತೆಯ ಹತ್ತು ಅಡಿ ಉದ್ದದ ದಿಮ್ಮಿ ಈ ಸೂತ್ರದಂತೆ ಸರಿಯಾಗಿ 10 ಘನ ಅಡಿ. ಆದರೆ ರೇಖಾಗಣಿತದ ಪ್ರಕಾರ ಅದು 12.73 ಘನ ಅಡಿ. ಅಂದರೆ ಸೂತ್ರವು ನಿಜವಾದ ಗಾತ್ರದ ನೂರಕ್ಕೆ 78.5ರಷ್ಟನ್ನು ಮಾತ್ರ ಹೇಳುತ್ತದೆ. ಕೊಯ್ಯುವಾಗ ವ್ಯರ್ಥವಾಗುವ ಭಾಗಕ್ಕೆ ವರ್ತಕನು ಮೊದಲೇ ಮಾಡಿಕೊಂಡ ಕಡಿತವಿದು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಹಳೆಯ ಡಿಪೋ ಲೆಕ್ಕದ ಘನ ಅಡಿಯನ್ನು ಈಗಿನ ಘನ ಮೀಟರಿಗೆ ಪರಿವರ್ತಿಸಿ, ಎರಡನ್ನೂ ಹೋಲಿಸಿ, ಕಾಡು ಬೆಳೆಯಿತು ಅಥವಾ ಕುಗ್ಗಿತು ಎಂದು ತೀರ್ಮಾನಿಸುವವನು, ಸೂತ್ರದ ಭೇದವನ್ನೇ ಕಾಡಿನ ಚರಿತ್ರೆಯೆಂದು ತಿಳಿಯುವ ಅಪಾಯವಿದೆ.

ಕೈಗಾರಿಕೆಗಳು ಬಂದ ಮೇಲೆ ಅಂದಾಜಿನ ತಪ್ಪು ದುಬಾರಿಯಾಯಿತು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಲ್ಲಿದ್ದಲಿನ ಬದಲು ಮರದ ಇದ್ದಲಿನಿಂದ ಅದಿರನ್ನು ಕರಗಿಸುವ ಕುಲುಮೆಯ ಮೇಲೆ ನಿಂತಿತು. ಕುಲುಮೆಯನ್ನು ಆರಲು ಬಿಡುವಂತಿಲ್ಲ. ಕಾಡಿನಲ್ಲಿ ಈಗ ಎಷ್ಟು ಮರವಿದೆ ಎಂದರೆ ಸಾಲದು, ವರ್ಷ ವರ್ಷವೂ ಎಷ್ಟು ಸಿಕ್ಕುತ್ತದೆ ಎಂದು ಹೇಳಬೇಕು. ಈ ಪ್ರಶ್ನೆಗೆ ಆನೆಯ ಮೇಲಿನ ಎಣಿಕೆ ಉತ್ತರ ಕೊಡಲಾರದು.

ಉತ್ತರ ಸಿದ್ಧವಾಗುತ್ತಿದ್ದುದು ಉತ್ತರ ಯೂರೋಪಿನಲ್ಲಿ. ನಾರ್ವೆ 1919ರಲ್ಲಿ, ಸ್ವೀಡನ್ 1923ರಲ್ಲಿ ಇಡೀ ದೇಶದ ಅರಣ್ಯ ಸಮೀಕ್ಷೆಗೆ ತೊಡಗಿದವು. ಫಿನ್ಲೆಂಡಿನಲ್ಲಿ 1921ರಿಂದ 1924ರವರೆಗೆ ಇರ್ಯೋ ಇಲ್ವೆಸ್ಸಾಲೋ ನಡೆಸಿದ ಸಮೀಕ್ಷೆ ಇವುಗಳಲ್ಲಿ ಬಹು ಪ್ರಸಿದ್ಧ. ದೇಶದ ನಕ್ಷೆಯ ಮೇಲೆ ನೈಋತ್ಯದಿಂದ ಈಶಾನ್ಯಕ್ಕೆ 26 ಕಿಲೋಮೀಟರಿಗೊಂದರಂತೆ ಗೆರೆಗಳನ್ನೆಳೆದರು. ಜವುಗು ಬರಲಿ, ಸರೋವರ ಬರಲಿ, ಗೆರೆಯನ್ನು ಬಿಡದೆ ನಡೆದರು. ಗೆರೆಯನ್ನು ಮೊದಲೇ ಎಳೆದುಕೊಳ್ಳುವುದು ಚಿಕ್ಕ ಸಂಗತಿಯೆಂದು ತೋರಬಹುದು. ಆದರೆ ಎಲ್ಲಿ ಎಣಿಸಬೇಕೆಂಬ ಆಯ್ಕೆಯನ್ನು ಎಣಿಸುವವನ ಕಾಲಿನಿಂದಲೂ ಕಣ್ಣಿನಿಂದಲೂ ಕಿತ್ತುಕೊಂಡದ್ದು ಅದೇ. ಅದೇ ದೇಶದ ಗಣಿತಜ್ಞ ಲಿಂಡೆಬರ್ಗ್ 1924ರಲ್ಲಿ ಗೆರೆಗಳ ನಡುವಣ ವ್ಯತ್ಯಾಸದಿಂದಲೇ ಒಟ್ಟು ಅಂದಾಜಿನ ದೋಷವನ್ನು ಕಟ್ಟುವ ಮಾರ್ಗವನ್ನು ತೋರಿಸಿದನು.

ನಮ್ಮ ದೇಶದಲ್ಲಿ ಮಾದರಿ ಸಮೀಕ್ಷೆಯ ಶಾಸ್ತ್ರ ಬೆಳೆದುದು ಕಾಡಿನಲ್ಲಿ ಅಲ್ಲ, ಹೊಲದಲ್ಲಿ. ಕಲ್ಕತ್ತೆಯಲ್ಲಿ 1931ರಲ್ಲಿ ಸ್ಥಾಪಿತವಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಮಹಲನೋಬಿಸರು 1937ರಿಂದ ಬಂಗಾಳದ ಸೆಣಬಿನ ಬೆಳೆಯನ್ನು ಮಾದರಿಯಿಂದ ಅಂದಾಜು ಮಾಡತೊಡಗಿದರು. ಖರ್ಚು ಎಷ್ಟು, ಅದಕ್ಕೆ ಪ್ರತಿಯಾಗಿ ದೋಷ ಎಷ್ಟು ತಗ್ಗಿತು ಎಂಬುದನ್ನು ಒಟ್ಟಿಗೆ ತೂಗಿದ್ದು ಅವರ ವೈಶಿಷ್ಟ್ಯ. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಿಂದ 1945-46ರಲ್ಲಿ ಗ್ರಿಫಿತ್ ಎಂಬ ಅಧಿಕಾರಿ ಪ್ರಕಟಿಸಿದ ಕಿರುಪುಸ್ತಿಕೆಗಳ ವಿಷಯ ಅರಣ್ಯ ಗಣತಿಯ ದಕ್ಷತೆಯೇ. ಗಣತಿಯೆಂದರೆ ಶ್ರಮ ಎಂದಷ್ಟೇ ತಿಳಿದಿದ್ದ ಇಲಾಖೆ ದಕ್ಷತೆಯ ಮಾತನ್ನಾಡಿದ್ದು ದೊಡ್ಡ ಬದಲಾವಣೆ.

ದಕ್ಷತೆಯೆಂದರೇನು? ಕಡಮೆ ಶ್ರಮದಿಂದ ಬೇಕಾದಷ್ಟು ನಂಬಿಕೆಯನ್ನು ಪಡೆಯುವುದು. ಇದರಲ್ಲಿ ಕಠೋರವಾದ ಒಂದು ನಿಯಮವಿದೆ. ಉದಾಹರಣೆಗೆ 25 ಮಾದರಿ ತಾಕುಗಳನ್ನು ಅಳೆದಾಗ ಅಂದಾಜಿನ ದೋಷ ನೂರಕ್ಕೆ 20 ಎಂದಿಟ್ಟುಕೊಳ್ಳೋಣ. ಅದನ್ನು 10ಕ್ಕೆ ಇಳಿಸಲು 50 ತಾಕು ಸಾಲದು, 100 ಬೇಕು. 5ಕ್ಕೆ ಇಳಿಸಲು 400. ಬರಿಯ ದುಡಿಮೆಯಿಂದ ನಿಖರತೆಯನ್ನು ಕೊಳ್ಳಹೊರಟವನ ಬೊಕ್ಕಸ ಬೇಗ ಬರಿದಾಗುತ್ತದೆ. ಬುದ್ಧಿವಂತಿಕೆಯಿರುವುದು ಕಾಡನ್ನು ಮೊದಲೇ ಒಂದೇ ಬಗೆಯ ಭಾಗಗಳಾಗಿ ವಿಂಗಡಿಸುವುದರಲ್ಲಿ. ಪೋಲೆಂಡಿನ ನೇಮನ್ 1934ರಲ್ಲಿ ತೋರಿಸಿದಂತೆ, ಎಲ್ಲ ಭಾಗಗಳಿಗೂ ಸಮನಾಗಿ ತಾಕುಗಳನ್ನು ಹಂಚದೆ, ದೊಡ್ಡದಾದ ಮತ್ತು ಒಳಗೆ ಏರುಪೇರು ಹೆಚ್ಚಾಗಿರುವ ಭಾಗಕ್ಕೆ ಹೆಚ್ಚು ಕೊಡಬೇಕು. ತಳಕಿನ ಸೀಮೆಗೆ ಇದನ್ನು ಅನ್ವಯಿಸಿ ನೋಡಿದರೆ ಅರ್ಥ ಕೂಡಲೇ ಆಗುತ್ತದೆ. ಹುಲ್ಲಿನ ಕಾವಲಿನಲ್ಲಿ ನೂರು ತಾಕು ಹಾಕಿದರೂ ಹೆಚ್ಚಿನವುಗಳಲ್ಲಿ ಸೊನ್ನೆಯೇ ಬರುವುದು. ಹತ್ತು ಹಾಕಿದರೂ ಅದೇ ತಿಳಿಯುವುದು. ಹಳ್ಳದ ಅಂಚು ವಿಸ್ತಾರದಲ್ಲಿ ಅತ್ಯಲ್ಪ, ಆದರೆ ಮರವಿರುವುದು ಅಲ್ಲಿ; ಅದೂ ಒಂದು ಕಡೆ ಹೊಂಗೆಯ ಗುಂಪು, ಮುಂದೆ ಬಯಲು, ಮತ್ತೆ ಈಚಲು. ತಾಕುಗಳು ಸಲ್ಲಬೇಕಾದುದು ಅಲ್ಲಿಗೆ.

ತಾಕಿನ ಮೇರೆಯನ್ನು ಹಗ್ಗ ಹಿಡಿದು ಗುರುತಿಸುವ ಶ್ರಮವನ್ನೇ ಇಲ್ಲವಾಗಿಸಿದವನು ಆಸ್ಟ್ರಿಯದ ಅರಣ್ಯಾಧಿಕಾರಿ ವಾಲ್ಟರ್ ಬಿಟರ್ಲಿಖ್. ಅವನು 1947-48ರಲ್ಲಿ ಪ್ರಕಟಿಸಿದ ವಿಧಾನದಷ್ಟು ಸರಳವಾದುದು, ಮೊದಲು ಕೇಳಿದಾಗ ನಂಬಲಾಗದಂತಹುದು, ಈ ಶಾಸ್ತ್ರದಲ್ಲಿ ಮತ್ತೊಂದಿಲ್ಲ. ಒಂದು ಮೀಟರ್ ಉದ್ದದ ಕೋಲಿನ ತುದಿಗೆ ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಅಡ್ಡಲಾಗಿ ಕಟ್ಟಬೇಕು. ಇನ್ನೊಂದು ತುದಿಯನ್ನು ಕಣ್ಣಿನ ಬಳಿ ಹಿಡಿದು, ನಿಂತಲ್ಲಿಯೇ ಒಂದು ಸುತ್ತು ತಿರುಗಬೇಕು. ಎದೆಯ ಮಟ್ಟದಲ್ಲಿ ಪಟ್ಟಿಗಿಂತ ಅಗಲವಾಗಿ ಕಾಣುವ ಕಾಂಡಗಳನ್ನು ಎಣಿಸಬೇಕು, ಉಳಿದವನ್ನು ಬಿಡಬೇಕು. ಹೀಗೆ ಎಂಟು ಮರ ಎಣಿಕೆಗೆ ಬಂದರೆ, ಆ ಸ್ಥಳದಲ್ಲಿ ಹೆಕ್ಟೇರಿಗೆ ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಎಂಟು ಚದರ ಮೀಟರ್. ಒಂದು ಮರವನ್ನೂ ಮುಟ್ಟಿ ಅಳೆಯಬೇಕಾಗಿಲ್ಲ.

ಇದರ ಗುಟ್ಟು ಇಷ್ಟು. ಕೋಲಿನ ಉದ್ದ ಪಟ್ಟಿಯ ಐವತ್ತರಷ್ಟು. ಆದುದರಿಂದ ಪ್ರತಿಯೊಂದು ಮರವೂ ತನ್ನ ವ್ಯಾಸದ ಐವತ್ತರಷ್ಟು ದೂರದವರೆಗೆ ಮಾತ್ರ ಎಣಿಕೆಗೆ ಸಿಕ್ಕುತ್ತದೆ. 20 ಸೆಂಟಿಮೀಟರ್ ವ್ಯಾಸದ ಮರ 10 ಮೀಟರ್ ದೂರದವರೆಗೆ, 40ರ ಮರ 20 ಮೀಟರ್‌ವರೆಗೆ. ದೊಡ್ಡ ಮರಕ್ಕೆ ದೊಡ್ಡ ವೃತ್ತ, ಚಿಕ್ಕದಕ್ಕೆ ಚಿಕ್ಕದು; ಯಾವ ಮರದ ವಿಷಯದಲ್ಲಿಯೂ ವೃತ್ತಕ್ಕೂ ಕಾಂಡದ ಅಡ್ಡಕೊಯ್ತಕ್ಕೂ ಇರುವ ಪ್ರಮಾಣ ಹತ್ತು ಸಾವಿರಕ್ಕೆ ಒಂದೇ. ನಾಟಾದ ಹೆಚ್ಚಿನ ಪಾಲು ದೊಡ್ಡ ಮರಗಳಲ್ಲಿರುವುದರಿಂದ, ಶ್ರಮವೂ ತಾನಾಗಿಯೇ ದೊಡ್ಡ ಮರಗಳ ಕಡೆಗೆ ಹರಿಯುತ್ತದೆ. ಇದಕ್ಕೆ ಎತ್ತರವನ್ನೂ ಕಾಂಡದ ಆಕಾರವನ್ನೂ ಸೇರಿಸಿದರೆ ಗಾತ್ರ ದೊರೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಬಿದಿರು ಕೋಲಿಗೆ ಹಳೆಯ ಅಳತೆಪಟ್ಟಿಯ ತುಂಡನ್ನು ಕಟ್ಟಿ ಹಳ್ಳದ ಅಂಚಿನಲ್ಲಿ ಇದನ್ನು ಮಾಡಿನೋಡಿದರು. ಹೊಂಗೆಯ ವಿಷಯದಲ್ಲಿ ಅಡ್ಡಿಯಾಗಲಿಲ್ಲ. ಗುಡ್ಡದ ಬುಡಕ್ಕೆ ಹೋದಾಗ ತೊಡಕು ಬಂದಿತು.

ತೊಡಕು ವಿಧಾನದ್ದಲ್ಲ, ಮರದ್ದು. ತುಗ್ಗಲಿ, ಕಗ್ಗಲಿ, ಬಳ್ಳಾರಿ ಜಾಲಿ ಇವು ನೆಲದಿಂದಲೇ ಹಲವು ಕವಲಾಗಿ ಏಳುತ್ತವೆ. ಎದೆಯ ಮಟ್ಟ ಎಂದರೆ ಭಾರತದಲ್ಲಿ 1.37 ಮೀಟರ್, ಆ ಎತ್ತರದಲ್ಲಿ ಒಂದು ಕಾಂಡವಿಲ್ಲ, ಐದಾರು ಕೋಲುಗಳಿವೆ. ಒಂದೊಂದೂ ತೆಳ್ಳಗಿರುವುದರಿಂದ ಪಟ್ಟಿಗಿಂತ ಕಿರಿದಾಗಿ ಕಂಡು ಬಿಟ್ಟುಹೋಗುತ್ತದೆ. ತೇಗವನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದ ಸುತ್ತಳತೆಯ ದರ್ಜೆಯಲ್ಲಿಯೂ ಇವುಗಳಿಗೆ ಸ್ಥಳವಿಲ್ಲ. ಆದರೆ ಈ ಸೀಮೆಯ ಒಲೆ ಉರಿದದ್ದು, ಕುರಿ ಮೇಕೆಗಳಿಗೆ ಸೊಪ್ಪು ದೊರೆತದ್ದು, ನೇಗಿಲಿಗೂ ಬೇಲಿಗೂ ಮರ ಸಿಕ್ಕಿದ್ದು ಇವುಗಳಿಂದಲೇ. ಮ್ಯಾಸನಾಯಕರ ದೇವರ ಎತ್ತುಗಳು ಮೇದ ಕಾವಲುಗಳ, ಅಮೃತಮಹಲಿನ ರಾಸುಗಳಿಗೆಂದು ಮೀಸಲಾಗಿದ್ದ ಕಾವಲುಗಳ ಮಾತೂ ಇದೇ. ಅಲ್ಲಿ ಲೆಕ್ಕಕ್ಕೆ ಬಂದುದು ದನ. ಮರವಾಗಲಿ ಹುಲ್ಲಾಗಲಿ ನಾಟಾದ ಪಟ್ಟಿಗೆ ಸೇರುವ ವಸ್ತುವಾಗಿರಲಿಲ್ಲ. ಚಳ್ಳಕೆರೆಯ ಕಾವಲುಗಳ ದೊಡ್ಡ ಭಾಗ 2010ರ ಸುಮಾರಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದಾಗ, ಆ ನೆಲದಲ್ಲಿ ಇದ್ದುದೇನು ಎಂಬ ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪಾಳು ಎಂಬ ಮಾತನ್ನು ಅಂತಹ ನೆಲಕ್ಕೆ ಹಚ್ಚುವುದು ಸುಲಭ. ಹಚ್ಚುವ ಮೊದಲು, ಅದನ್ನು ಯಾರು ಯಾವ ಅಳತೆಯಿಂದ ಅಳೆದಿದ್ದರೆಂದು ಕೇಳಬೇಕಾದುದು ಇತಿಹಾಸಕಾರನ ಕೆಲಸವೆಂದೇ ನನ್ನ ಎಣಿಕೆ.

ಇತ್ತೀಚಿನ ದಶಕಗಳಲ್ಲಿ ಸ್ಥಿತಿ ಬಹಳ ಬದಲಾಗಿದೆ. 1965ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಆರಂಭವಾದ ಅರಣ್ಯ ಸಂಪನ್ಮೂಲಗಳ ಹೂಡಿಕೆ-ಪೂರ್ವ ಸಮೀಕ್ಷೆ ವಿಮಾನದಿಂದ ತೆಗೆದ ಚಿತ್ರಗಳನ್ನೂ ನೆಲದ ತಾಕುಗಳನ್ನೂ ಒಂದುಗೂಡಿಸಿತು. ಅದೇ 1981ರ ಜೂನ್ 1ರಂದು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯಾಯಿತು. ಕಾಡಿನ ಹೊರಗಿರುವ ಮರಗಳನ್ನು, ಎಂದರೆ ಬದು, ಹಳ್ಳ, ರಸ್ತೆ, ಹಿತ್ತಿಲುಗಳ ಮರಗಳನ್ನು, ಈ ಸಂಸ್ಥೆ ಪ್ರತ್ಯೇಕವಾಗಿ ಅಂದಾಜು ಮಾಡತೊಡಗಿದ್ದು ತಳಕಿನಂತಹ ಸೀಮೆಗೆ ಬಹು ಮುಖ್ಯವಾದ ಸಂಗತಿ. ಇಲ್ಲಿನ ಬೇವು, ಹುಣಸೆ, ಹೊಂಗೆಗಳು ದೇಶದ ಮರದ ಲೆಕ್ಕದೊಳಕ್ಕೆ ಬಂದುದು ಆ ಬಾಗಿಲಿನಿಂದ. 2016ರಿಂದ ಇಡೀ ದೇಶವನ್ನು ಐದು ಕಿಲೋಮೀಟರ್ ಬದಿಯ ಚೌಕಗಳಾಗಿ ವಿಭಾಗಿಸಿ ತಾಕುಗಳನ್ನು ಆರಿಸುವ ಕ್ರಮ ಜಾರಿಗೆ ಬಂದಿದೆ. ಫಿನ್ಲೆಂಡಿನ 26 ಕಿಲೋಮೀಟರ್ ಗೆರೆಗಳ ವಂಶದ್ದೇ ಇದು.

ಆದರೆ ಒಂದು ಚೌಕವೆಂದರೆ 2,500 ಹೆಕ್ಟೇರು. ರಾಜ್ಯಕ್ಕೋ ದೇಶಕ್ಕೋ ಅಂಕಿ ಕೊಡುವ ಉದ್ದೇಶದಿಂದ ನೇಯ್ದ ಬಲೆ ಅದು. ಆ ಉದ್ದೇಶಕ್ಕೆ ಸಾಕಷ್ಟು ದಕ್ಷವಾದುದು. ತಳಕಿನ ಒಂದು ಹಳ್ಳ, ಅದರ ಎರಡೂ ದಡದ ಹೊಂಗೆ ಈಚಲುಗಳೊಡನೆ, ಆ ಬಲೆಯ ಕಣ್ಣಿನೊಳಗಿಂದ ಇಡಿಯಾಗಿ ನುಸುಳಿ ಹೋಗಬಹುದು. ರಾಜ್ಯದ ಅಂಕಿಯನ್ನು ಭಾಗಿಸಿ ಊರಿನ ಅಂಕಿಯನ್ನು ತೆಗೆಯಲು ಬರುವುದಿಲ್ಲ. ಊರಿನ ಅಂಕಿ ಬೇಕಾದವರು ಹಳ್ಳ, ಬದು, ಗುಡ್ಡಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿಕೊಂಡು, ಗುಡ್ಡದ ಕವಲುಮರಗಳಿಗೆ ಎದೆಯ ಮಟ್ಟದ ಬದಲು ಬುಡದ ಸುತ್ತಳತೆಯನ್ನು ಹಿಡಿದು, ಕೆಲವನ್ನು ಕಡಿದು ತೂಗಿ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬೇಕು. ಮುಂದಿನ ಬೇಸಗೆಯಲ್ಲಿ ಒಂದು ಹಳ್ಳದ ಮಟ್ಟಿಗೆ ಅದನ್ನು ಮಾಡಬೇಕೆಂದು ವಿದ್ಯಾರ್ಥಿಗಳು ಗೊತ್ತುಮಾಡಿಕೊಂಡಿದ್ದಾರೆ. ಕಡಿಯುವ ಕೆಲಸ ಮಾತ್ರ ಜಾಲಿಗಷ್ಟೇ ಸೀಮಿತವಾಗಿರಬೇಕೆಂದು ಊರಿನ ಹಿರಿಯರ ಕಟ್ಟಪ್ಪಣೆಯಾಗಿದೆ.